ಸೊಂಟ ಮುರಿದಾಗ ಡಾಕ್ಟ್ರು ರಕ್ತದ ಮಾತು ಯಾಕೆ ಆಡಿದರು? ಮೂಳೆ ಟೊಳ್ಳಾಗುವುದಕ್ಕೂ ಮೂಳೆಯೊಳಗಿನ ರಕ್ತನಾಳಕ್ಕೂ ಇರುವ ಸಂಬಂಧ

ಕಾಪು ಮಗಳು

ಅಮ್ಮನಿಗೆ 71. ಮಳೆಗಾಲದಲ್ಲಿ ಬಚ್ಚಲಿನಿಂದ ಹೊರಗೆ ಬರುವಾಗ ಅಂಗಳದ ಪಾಚಿಯಲ್ಲಿ ಕಾಲು ಜಾರಿ ಬಿದ್ದರು. ಎತ್ತರದಿಂದ ಏನಲ್ಲ, ನಿಂತಲ್ಲಿಂದಲೇ. ಆದರೂ ಬಲಗಡೆ ತೊಡೆಮೂಳೆಯ ಕುತ್ತಿಗೆ ಮುರಿದು ಪಕ್ಕಕ್ಕೆ ಸರಿದಿತ್ತು. ಸ್ಕ್ರೂ ಹಾಕಿ ಸೇರಿಸುತ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಡಾಕ್ಟ್ರು ಎಕ್ಸ್‌ರೇ ನೋಡಿ, ಬಾಲ್‌ಗೆ, ಅಂದರೆ ತೊಡೆಮೂಳೆಯ ತಲೆಗೆ, ಹೋಗುವ ರಕ್ತನಾಳ ಹರಿದಿರುವ ಸಾಧ್ಯತೆ ಜಾಸ್ತಿ, ಸೇರಿಸಿದರೂ ಅದು ಉಳಿಯುವ ಭರವಸೆ ಇಲ್ಲ ಅಂದರು. ಬಾಲ್ ತೆಗೆದು ಬೈಪೋಲಾರ್ ಅನ್ನುವ ಕೃತಕ ಬಾಲ್ ಹಾಕಿದರು. ಈಗ ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಾರೆ.

ಆಪರೇಷನ್ ಬಗ್ಗೆ ನನಗೆ ದೂರಿಲ್ಲ. ತಲೆಯಲ್ಲಿ ಕೂತದ್ದು ಆ ರಕ್ತದ ಮಾತು. ನಮ್ಮ ಮನೆಯಲ್ಲಿ ಮೂಳೆ ಅಂದರೆ ಕ್ಯಾಲ್ಸಿಯಂ, ಅಷ್ಟೇ. ಹಾಲು ಕುಡಿ, ರಾಗಿ ಮಣ್ಣಿ ತಿನ್ನು, ಬಿಸಿಲಿಗೆ ಕೂರು. ಮೂಳೆಯ ಒಳಗೆ ರಕ್ತ ಓಡುತ್ತದೆ, ಅದು ನಿಂತರೆ ಮೂಳೆ ಸಾಯುತ್ತದೆ ಅಂತ ಯಾರೂ ಹೇಳಿದ್ದಿಲ್ಲ. ಆಮೇಲೆ ಹುಡುಕಿದಾಗ, ವಯಸ್ಸಾದ ಹೆಂಗಸರಲ್ಲಿ ಮೂಳೆಯೊಳಗಿನ ಸಣ್ಣ ರಕ್ತನಾಳಗಳು ಕಡಿಮೆಯಾಗುವುದೂ ಮೂಳೆ ಟೊಳ್ಳಾಗಲು ಒಂದು ಕಾರಣ ಅಂತ ಓದಿದೆ. ಇದು ನಿಜವಾ? ನಿಜ ಆದರೆ ಅಮ್ಮನಿಗೆ ಅದರಿಂದ ಏನಾದರೂ ಉಪಯೋಗ ಉಂಟಾ? ಡಿಸ್ಚಾರ್ಜ್ ಚೀಟಿಯಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬಿಟ್ಟರೆ ಬೇರೆ ಏನೂ ಬರೆದಿಲ್ಲ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಕದ್ರಿ ಫಿಸಿಯೊ

ಮೊದಲು ಡಾಕ್ಟ್ರು ಹೇಳಿದ ಮಾತಿಗೆ ಬರುತ್ತೇನೆ, ಯಾಕಂದ್ರೆ ಅದು ಮತ್ತು ನೀವು ಓದಿದ್ದು ಎರಡು ಬೇರೆ ವಿಷಯ.

ತೊಡೆಮೂಳೆಯ ತಲೆ, ನಾವು ಬಾಲ್ ಅನ್ನುವುದು, ಅದಕ್ಕೆ ಬರುವ ರಕ್ತದಲ್ಲಿ ಹೆಚ್ಚಿನ ಪಾಲು ಕೆಳಗಿನಿಂದ ಮೇಲೆ ಹತ್ತಿ ಬರುತ್ತದೆ. ತೊಡೆಯ ದೊಡ್ಡ ರಕ್ತನಾಳದ ಒಂದು ಕವಲು ಮೂಳೆಯ ಕುತ್ತಿಗೆಯನ್ನು ಸುತ್ತುತ್ತದೆ. ಅದರಿಂದ ಹೊರಟ ಸಣ್ಣ ನಾಳಗಳು ಕುತ್ತಿಗೆಯ ಮೈಗೆ ಅಂಟಿಕೊಂಡೇ ಬಾಲ್‌ವರೆಗೆ ಹೋಗುತ್ತವೆ. ಕುತ್ತಿಗೆ ಮುರಿದು ಸರಿದಾಗ ಈ ನಾಳಗಳೂ ಹರಿದು ತುಂಡಾಗಬಹುದು. ಬಾಲ್‌ಗೆ ಬೇರೆ ದಾರಿಯಿಂದ ಬರುವ ರಕ್ತ ವಯಸ್ಸಾದವರಲ್ಲಿ ಸಾಲದು. ಸ್ಕ್ರೂ ಹಾಕಿದರೆ ಕೆಲವು ತಿಂಗಳ ನಂತರ ಬಾಲ್ ಕುಸಿದು ಮತ್ತೆ ಆಪರೇಷನ್ ಆಗುವ ಅಪಾಯ ಇರುತ್ತದೆ. ಅದಕ್ಕೇ ಈ ವಯಸ್ಸಿನಲ್ಲಿ, ಸರಿದ ಮುರಿತಕ್ಕೆ ಬಾಲ್ ಬದಲಾಯಿಸುವುದು. ನಿಮ್ಮ ಡಾಕ್ಟ್ರು ಮಾಡಿದ್ದು ಸರಿಯಾಗಿದೆ. ಅಮ್ಮನನ್ನು ಬೇಗ ನಿಲ್ಲಿಸಿ ನಡೆಸಲು ಆಗಿದ್ದೂ ಅದರಿಂದಲೇ.

ಇನ್ನು ನಿಂತಲ್ಲಿಂದ ಬಿದ್ದರೆ ಮುರಿಯುವಷ್ಟು ಮೂಳೆ ಮೆತ್ತಗಾದದ್ದು ಯಾಕೆ ಅನ್ನುವುದು ಎರಡನೆಯ ಪ್ರಶ್ನೆ. ನೀವು ಓದಿದ್ದು ಅದರ ಬಗ್ಗೆ. ಇಲ್ಲಿ ಮೂಳೆ ಲ್ಯಾಬಿನಲ್ಲಿ ಕೆಲಸ ಮಾಡುವ ಒಬ್ಬರಿದ್ದಾರೆ, ಅವರು ಬರೆದರೆ ಒಳ್ಳೆಯದು.

ಮಣಿಪಾಲ ಸ್ಲೈಡ್

ಬಂದೆ. ಸ್ವಲ್ಪ ಉದ್ದ ಆಗುತ್ತದೆ, ಇದು ನನಗೆ ತುಂಬ ಹತ್ತಿರದ ವಿಷಯ.

ಮೂಳೆ ಅಂದರೆ ಸುಣ್ಣದ ಕಂಬ ಅಂತ ನಾವು ಅಂದುಕೊಂಡಿರುತ್ತೇವೆ. ಹೃದಯ ಹೊರಗೆ ತಳ್ಳುವ ರಕ್ತದಲ್ಲಿ ಸುಮಾರು ಶೇ. 10ರಷ್ಟು ಮೂಳೆ ಮತ್ತು ಅದರೊಳಗಿನ ಮಜ್ಜೆಗೆ ಹೋಗುತ್ತದೆ ಅಂದರೆ ನಂಬುತ್ತೀರಾ? ಗಟ್ಟಿ ಹೊರಪದರದಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುವೆಗಳಿವೆ, ಪ್ರತಿಯೊಂದರಲ್ಲೂ ರಕ್ತನಾಳ ಇರುತ್ತದೆ. ಕ್ಲಾಪ್ಟನ್ ಹ್ಯಾವರ್ಸ್ ಅನ್ನುವ ಇಂಗ್ಲಿಷ್ ವೈದ್ಯ 1691ರಲ್ಲೇ ಇವುಗಳ ಬಗ್ಗೆ ಬರೆದಿದ್ದಾನೆ, ಈಗಲೂ ಅವನ ಹೆಸರಿನಿಂದಲೇ ಕರೆಯುತ್ತೇವೆ. ಇಷ್ಟು ಹಳೆಯ ವಿಷಯದಲ್ಲಿ ಹೊಸದು ಸಿಗುವುದು ನಿಂತಿಲ್ಲ. 2019ರಲ್ಲಿ ಜರ್ಮನಿಯ ಒಂದು ತಂಡ, ಇಲಿಯ ಉದ್ದ ಮೂಳೆಗಳ ಗೋಡೆಯನ್ನು ಅಡ್ಡಕ್ಕೆ ದಾಟಿಹೋಗುವ ನೂರಾರು ಅತಿ ಸಣ್ಣ ರಕ್ತನಾಳಗಳನ್ನು ತೋರಿಸಿತು. ಮೂಳೆಗೆ ಬರುವ ರಕ್ತದ ಬಹುಪಾಲು ಅವುಗಳ ಮೂಲಕವೇ ಓಡಾಡುತ್ತದೆ ಅಂತ ಅವರ ಲೆಕ್ಕ.

ಈಗ ಮುಖ್ಯ ವಿಷಯ. ಮೂಳೆ ದಿನಾ ಒಡೆದು ಕಟ್ಟಿಕೊಳ್ಳುತ್ತಿರುತ್ತದೆ. ಒಂದು ಜಾತಿಯ ಕೋಶ ಹಳೆಯದನ್ನು ಕರಗಿಸುತ್ತದೆ, ಇನ್ನೊಂದು ಹೊಸದು ಕಟ್ಟುತ್ತದೆ. ಕಟ್ಟುವ ಕೋಶಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. 2014ರಲ್ಲಿ ಅಂಜಲಿ ಕುಸುಂಬೆ, ಶರವಣ ರಾಮಸಾಮಿ, ರಾಲ್ಫ್ ಆಡಮ್ಸ್ ಜರ್ಮನಿಯ ಮ್ಯೂನ್‌ಸ್ಟರ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ಮೂಳೆಯೊಳಗೆ ಒಂದು ವಿಶೇಷ ಬಗೆಯ ಸಣ್ಣ ರಕ್ತನಾಳ ಇದೆ. ಸಿಡಿ31 ಮತ್ತು ಎಂಡೊಮ್ಯೂಸಿನ್ ಎಂಬ ಎರಡು ಪ್ರೋಟೀನ್ ಅದರ ಮೇಲೆ ಜಾಸ್ತಿ. ಅದಕ್ಕೆ ಟೈಪ್ ಎಚ್ ಅಂತ ಹೆಸರಿಟ್ಟರು. ಒಟ್ಟು ನಾಳಗಳಲ್ಲಿ ಇವು ಸ್ವಲ್ಪವೇ. ಆದರೆ ಮೂಳೆ ಕಟ್ಟುವ ಎಳೆಯ ಕೋಶಗಳು ಗುಂಪಾಗಿ ಇರುವುದು ಇವುಗಳ ಸುತ್ತಲೇ.

ರಕ್ತನಾಳವನ್ನು ತೋಟಕ್ಕೆ ನೀರು ತರುವ ತೋಡು ಅಂತ ಕಲ್ಪಿಸಿಕೊಂಡರೆ ಅರ್ಧ ಮಾತ್ರ ಸರಿ. ಈ ನಾಳದ ಗೋಡೆಯ ಕೋಶಗಳು ತಾವೇ ರಾಸಾಯನಿಕ ಸಂದೇಶ ಬಿಡುತ್ತವೆ, ಕಟ್ಟುವ ಕೋಶಗಳನ್ನು ಬೆಳೆಸುತ್ತವೆ. ಕಟ್ಟುವ ಕೋಶಗಳೂ ವಾಪಸ್ಸು ಸಂದೇಶ ಬಿಟ್ಟು ನಾಳವನ್ನು ಬೆಳೆಸುತ್ತವೆ. ಒಂದು ಸೊರಗಿದರೆ ಇನ್ನೊಂದೂ ಸೊರಗುತ್ತದೆ.

ನಾನು ಇಂಥ ಸ್ಲೈಡ್ ನೋಡುವ ಕೆಲಸದಲ್ಲಿದ್ದೇನೆ. ಎಳೆ ಇಲಿಯ ಮೂಳೆಯನ್ನು ತೆಳುವಾಗಿ ಕೊಯ್ದು ಬಣ್ಣ ಹಾಕಿ ನೋಡಿದರೆ, ಮೂಳೆ ಉದ್ದ ಬೆಳೆಯುವ ಜಾಗದ ಕೆಳಗೆ ಈ ನಾಳಗಳು ಒಂದರ ಪಕ್ಕ ಒಂದು ನೇರ ಸಾಲಾಗಿ ಹೊಳೆಯುತ್ತವೆ. ಮುದಿ ಇಲಿಯಲ್ಲಿ ಅದೇ ಜಾಗ ಹುಡುಕಿದರೆ ಅಲ್ಲೊಂದು ಇಲ್ಲೊಂದು ತುಂಡು. ಉಳಿದ ಕಡೆ ಕೊಬ್ಬಿನ ಕೋಶಗಳ ದುಂಡು ದುಂಡು ಖಾಲಿ ಗುರುತು. ಮೊದಲ ಸಲ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮನೆಯಲ್ಲಿರುವ ಅಜ್ಜಿಯ ನೆನಪಾಯಿತು.

ಮಣಿಪಾಲ ಸ್ಲೈಡ್

ಹೆಂಗಸರ ವಿಷಯ ಬಿಟ್ಟುಹೋಯಿತು. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಅನ್ನುವ ಹಾರ್ಮೋನ್ ಇಳಿಯುತ್ತದೆ. ಇದರ ದೊಡ್ಡ ಪರಿಣಾಮ ಮೂಳೆ ಕರಗಿಸುವ ಕೋಶಗಳ ಮೇಲಿನ ಲಗಾಮು ತಪ್ಪುವುದು, ಇದು ಹಳೆಯ ಗಟ್ಟಿ ತಿಳಿವಳಿಕೆ. ರಕ್ತನಾಳದ ವಿಷಯ ಇದರ ಜತೆಗೆ ಬರುತ್ತದೆ. ಅಂಡಾಶಯ ತೆಗೆದ ಇಲಿಗಳಲ್ಲಿ ಟೈಪ್ ಎಚ್ ನಾಳಗಳು ಕಡಿಮೆಯಾದದ್ದನ್ನು 2014ರಲ್ಲೇ ಇನ್ನೊಂದು ತಂಡ ತೋರಿಸಿತು. ಈಸ್ಟ್ರೊಜೆನ್ ಇದ್ದಾಗ ನಾಳದ ಗೋಡೆ ನೈಟ್ರಿಕ್ ಆಕ್ಸೈಡ್ ಚೆನ್ನಾಗಿ ತಯಾರಿಸುತ್ತದೆ, ನಾಳ ಸಡಿಲವಾಗಿ ಹಿಗ್ಗುತ್ತದೆ. ಅದು ಹೋದಾಗ ಬಿಗಿ ಬರುತ್ತದೆ. ಅಂದರೆ ಕರಗುವುದು ಏರಿತು, ಕಟ್ಟುವವರ ಬುಡವೂ ಸಡಿಲವಾಯಿತು. ಎರಡೂ ಒಟ್ಟಿಗೆ.

ಸುರತ್ಕಲ್ ಬೈಕರ್

ಎಲ್ಲಾ ಇಲಿ, ಇಲಿ, ಇಲಿ. ಇಲಿಗೆ ವಾಸಿಯಾದದ್ದು ಮನುಷ್ಯರಿಗೆ ಆಗದೇ ಹೋದ ಕಥೆ ಎಷ್ಟು ಕೇಳಿಲ್ಲ? ನಮ್ಮ ಅತ್ತೆಗೂ ಬೆನ್ನುಮೂಳೆ ಕುಸಿದು ಗೂನು ಬಂದಿದೆ. ಇಂಥದ್ದು ಓದಿದಾಗ ಮನೆಯಲ್ಲಿ ಸುಮ್ನೆ ಆಸೆ ಹುಟ್ಟುತ್ತದೆ. ಮನುಷ್ಯರಲ್ಲಿ ನೋಡಿದ್ದಾರಾ, ಅದನ್ನು ಹೇಳಿ.

ಮಣಿಪಾಲ ಸ್ಲೈಡ್

ಸರಿಯಾದ ಪ್ರಶ್ನೆ. ಇಲಿಗೆ ನಮ್ಮ ಹಾಗೆ ಮುಟ್ಟು ನಿಲ್ಲುವುದಿಲ್ಲ. ಹ್ಯಾವರ್ಸ್ ಹೇಳಿದ ಕಾಲುವೆ ವ್ಯವಸ್ಥೆಯೂ ಇಲಿಯ ಗಟ್ಟಿ ಮೂಳೆಯಲ್ಲಿ ಮನುಷ್ಯರ ಹಾಗೆ ಇಲ್ಲ. ಹಾಗಾಗಿ ಇಲಿಯಲ್ಲಿ ಕಂಡದ್ದನ್ನು ನೇರವಾಗಿ ಅಮ್ಮನಿಗೆ ಅನ್ವಯಿಸಬಾರದು, ಒಪ್ಪುತ್ತೇನೆ.

ಮನುಷ್ಯರಲ್ಲಿ ಏನಿದೆ ಅಂದರೆ: ಹಾಂಗ್‌ಕಾಂಗ್‌ನಲ್ಲಿ ವಯಸ್ಸಾದ ಹೆಂಗಸರ ಬೆನ್ನುಮೂಳೆಯನ್ನು ಎಂಆರ್‌ಐನಲ್ಲಿ, ಬಣ್ಣದ ಇಂಜೆಕ್ಷನ್ ಕೊಟ್ಟು, ರಕ್ತ ಎಷ್ಟು ಬೇಗ ತುಂಬುತ್ತದೆ ಅಂತ ಅಳೆದರು. 2006ರಲ್ಲಿ ಪ್ರಕಟವಾಯಿತು. ಮೂಳೆ ಸಾಂದ್ರತೆ ಕಡಿಮೆ ಇದ್ದವರ ಮೂಳೆಯೊಳಗೆ ರಕ್ತ ಹರಿವು ಕಡಿಮೆ, ಕೊಬ್ಬು ಜಾಸ್ತಿ. ಬೆನ್ನಿನ ಸ್ನಾಯುವಿನಲ್ಲಿ ಆ ಇಳಿಕೆ ಕಾಣಲಿಲ್ಲ. ಅಂದರೆ ಇಡೀ ಮೈಯ ರಕ್ತ ಸಂಚಾರ ಕುಂದಿದ್ದರಿಂದ ಹೀಗಾಯಿತು ಅನ್ನಲು ಆಗುವುದಿಲ್ಲ, ಮೂಳೆಯ ಒಳಗೇ ಏನೋ ನಡೆದಿದೆ. ಆಮೇಲೆ ಮನುಷ್ಯರ ಮೂಳೆ ತುಂಡುಗಳಲ್ಲೂ ಟೈಪ್ ಎಚ್ ನಾಳ ನೋಡಿದ್ದಾರೆ. ವಯಸ್ಸಾದಂತೆ, ಮೂಳೆ ಟೊಳ್ಳಾದಂತೆ ಅವು ಕಡಿಮೆ ಇದ್ದದ್ದು ಕಂಡಿದೆ.

ಇನ್ನೂ ಒಂದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನವರನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, 25 ವರ್ಷದ ಅವಧಿಯಲ್ಲಿ ಹೆಚ್ಚು ಮೂಳೆ ಕಳೆದುಕೊಂಡ ಹೆಂಗಸರಲ್ಲೇ ಹೊಟ್ಟೆಯ ದೊಡ್ಡ ರಕ್ತನಾಳಕ್ಕೆ ಸುಣ್ಣ ಹತ್ತಿದ್ದೂ ಜಾಸ್ತಿ. ಮೂಳೆ ಮತ್ತು ರಕ್ತನಾಳ ಒಟ್ಟೊಟ್ಟಿಗೆ ಹಾಳಾಗುತ್ತವೆ ಅನ್ನುವುದಕ್ಕೆ ಇದು ಒಳ್ಳೆಯ ಸುಳಿವು.

ಆದರೆ ಮೊದಲು ನಾಳ ಕುಂದಿ ಮೂಳೆ ಹಾಳಾಯಿತಾ, ಮೂಳೆ ಹಾಳಾಗಿ ನಾಳ ಕುಂದಿತಾ? ಮನುಷ್ಯರ ಈ ಅಧ್ಯಯನಗಳು ಸಂಬಂಧ ತೋರಿಸುತ್ತವೆ. ಕಾರಣ ಯಾವುದು ಅಂತ ಇವುಗಳಿಂದ ತೀರ್ಮಾನ ಮಾಡಲು ಬರುವುದಿಲ್ಲ.

ಮೂಡುಬಿದಿರೆ ತೋಟ

ಹಾಗಾದರೆ ರಕ್ತನಾಳ ಹಿಗ್ಗಿಸುವ ಮದ್ದು ಕೊಟ್ಟರೆ ಆಯಿತಲ್ವಾ? ನನ್ನ ದೊಡ್ಡಮ್ಮನಿಗೆ ಯಾರೋ ಒಂದು ಎಣ್ಣೆ ತಂದು ಕೊಟ್ಟಿದ್ದಾರೆ, ತಿಕ್ಕಿದರೆ ಮೂಳೆಗೆ ರಕ್ತ ಹೋಗುತ್ತದೆ ಅಂತೆ. ಬಾಟಲಿಗೆ ಸಾವಿರದ ಮೇಲೆ. ಮತ್ತೆ ವಾಟ್ಸಾಪ್‌ನಲ್ಲಿ ವಿಟಮಿನ್ ಕೆ2 ತಗೊಳ್ಳಿ, ರಕ್ತನಾಳದ ಸುಣ್ಣ ಮೂಳೆಗೆ ಹೋಗುತ್ತದೆ ಅಂತ ಬಂದಿತ್ತು. ಏನು ಹೇಳುತ್ತೀರಿ?

ಮಣಿಪಾಲ ಸ್ಲೈಡ್

ಎಣ್ಣೆ ತಿಕ್ಕಿದರೆ ಚರ್ಮ ಕೆಂಪಾಗುತ್ತದೆ, ಸ್ನಾಯುವಿಗೆ ಹಾಯೆನಿಸುತ್ತದೆ. ಮೂಳೆ ಗಟ್ಟಿಯಾಗುವುದಿಲ್ಲ. ದೊಡ್ಡಮ್ಮನಿಗೆ ಯಾರಾದರೂ ಪ್ರೀತಿಯಿಂದ ತಿಕ್ಕಿಕೊಟ್ಟರೆ ಬೇಡ ಅನ್ನಬೇಡಿ, ಅದಕ್ಕೆ ಮನೆಯ ತೆಂಗಿನೆಣ್ಣೆ ಸಾಕು, ಸಾವಿರ ರೂಪಾಯಿ ಕೊಡುವುದು ಬೇಡ. ಕೆ2 ಮಾತ್ರೆ ಮೂಳೆ ಮುರಿಯದ ಹಾಗೆ ಕಾಯುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ವಾರ್ಫರಿನ್ ಥರ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟ್ರನ್ನು ಕೇಳದೆ ಅದನ್ನು ಮುಟ್ಟಲೇಬಾರದು, ಆ ಮಾತ್ರೆಯ ಕೆಲಸವನ್ನೇ ಅದು ತಡೆಯುತ್ತದೆ.

ರಕ್ತನಾಳ ಹಿಗ್ಗಿಸುವ ದಾರಿಯನ್ನು ದೊಡ್ಡವರೂ ಹಿಡಿದು ನೋಡಿದ್ದಾರೆ. ಎದೆನೋವಿಗೆ ಕೊಡುವ ನೈಟ್ರೊಗ್ಲಿಸರಿನ್ ಮುಲಾಮು ಹಚ್ಚಿದ ಹೆಂಗಸರ ಮೂಳೆ ದಟ್ಟವಾಯಿತು ಅಂತ 2011ರಲ್ಲಿ ಒಂದು ಬಹಳ ದೊಡ್ಡ ಪತ್ರಿಕೆಯಲ್ಲಿ ಬಂತು. ಜಗತ್ತೇ ತಿರುಗಿ ನೋಡಿತು. ಆಮೇಲೆ ಅಂಕಿಅಂಶ ತಿದ್ದಿದ್ದು ಗೊತ್ತಾಗಿ ಆ ಲೇಖನವನ್ನು ವಾಪಸ್ ತೆಗೆದರು. ಬೇರೆಯವರು ನೇರವಾಗಿ ಮಾಡಿದ ಪರೀಕ್ಷೆಗಳಲ್ಲಿ ಪ್ರಯೋಜನ ಕಾಣಲಿಲ್ಲ. ವಯಸ್ಸಾದ ತಾಯಂದಿರ ನೋವಿನ ಮೇಲೆ ಸುಳ್ಳು ಅಂಕಿ ಬರೆಯುವುದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ.

ಮುದಿ ಇಲಿಗಳಿಗೆ ಡೆಫೆರಾಕ್ಸಮಿನ್ ಕೊಟ್ಟಾಗ ಟೈಪ್ ಎಚ್ ನಾಳ ಮತ್ತೆ ಬೆಳೆದದ್ದು, ಮೂಳೆಯೂ ಹೆಚ್ಚಿದ್ದು ನಿಜ. ಅದು ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ ಇರುವ ಮಕ್ಕಳ ಮೈಯಿಂದ ಹೆಚ್ಚಾದ ಕಬ್ಬಿಣ ತೆಗೆಯಲು ಕೊಡುವ ಮದ್ದು. ಮೂಳೆ ಟೊಳ್ಳಾದ ಹೆಂಗಸರಿಗೆ ಅದು ಚಿಕಿತ್ಸೆ ಅಲ್ಲ.

ಒಡನಾಕಾಟಿಬ್ ಅನ್ನುವ ಇನ್ನೊಂದು ಮಾತ್ರೆಯ ಕಥೆ ಕೇಳಿ. ಮೂಳೆ ಮುರಿತ ಚೆನ್ನಾಗಿಯೇ ಕಡಿಮೆ ಮಾಡಿತ್ತು. ಆದರೆ ಪಾರ್ಶ್ವವಾಯು ಜಾಸ್ತಿ ಕಂಡದ್ದರಿಂದ 2016ರಲ್ಲಿ ಕಂಪನಿಯೇ ಕೈಬಿಟ್ಟಿತು. ಈಗ ಬಳಕೆಯಲ್ಲಿರುವ ರೋಮೊಸೊಜುಮಾಬ್ ಇಂಜೆಕ್ಷನ್ ಮೂಳೆ ಕಟ್ಟುವುದರಲ್ಲಿ ಬಹಳ ಜೋರು. ಅದಕ್ಕೂ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಕೊಡುವಾಗಲೇ, ಕಳೆದ ಒಂದು ವರ್ಷದೊಳಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಕೊಡಬಾರದು ಅನ್ನುವ ಎಚ್ಚರಿಕೆ ಹಾಕಿದರು. ಮೂಳೆಯ ಮದ್ದು ಕೊಡುವಾಗ ರಕ್ತನಾಳದ ಆರೋಗ್ಯವನ್ನೂ ನೋಡಬೇಕು ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಹಾಗಾಗಿ ಸುರತ್ಕಲ್‌ನವರಿಗೆ ನೇರ ಉತ್ತರ: ಮೂಳೆಯ ರಕ್ತನಾಳ ಬೆಳೆಸುವ ಮದ್ದು ಇವತ್ತು ಅಂಗಡಿಯಲ್ಲಿ ಇಲ್ಲ. ಹಾಗೆ ಹೇಳಿ ಮಾರುವವರ ಹತ್ತಿರ ಹೋಗಬೇಡಿ.

ಬ್ರಹ್ಮಾವರ ಸಿಸ್ಟರ್

ನಾನು ಮೂಳೆ ವಾರ್ಡಿನಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ರಕ್ತನಾಳದ ವಿಷಯ ಓದಿ ಖುಷಿಯಾಯಿತು. ಆದರೆ ಕಾಪು ಮಗಳೇ, ನಿಮ್ಮ ಮೊದಲ ಪೋಸ್ಟಿನ ಕೊನೆಯ ಮಾತು ನನ್ನನ್ನು ನಿಲ್ಲಿಸಿತು. ಸೊಂಟ ಮುರಿದವರಿಗೆ ಬರೀ ಕ್ಯಾಲ್ಸಿಯಂ, ವಿಟಮಿನ್ ಡಿ! ಇದು ನಿಮ್ಮ ಅಮ್ಮ ಒಬ್ಬರ ಕಥೆ ಅಲ್ಲ. ಆಪರೇಷನ್ ಚೆನ್ನಾಗಿ ಮಾಡುತ್ತಾರೆ, ಹೊಲಿಗೆ ಬಿಚ್ಚುತ್ತಾರೆ, ಮನೆಗೆ ಕಳಿಸುತ್ತಾರೆ. ಮೂಳೆ ಮುರಿಯಲು ಕಾರಣವಾದ ಕಾಯಿಲೆಗೆ ಮದ್ದು ಶುರು ಮಾಡುವವರು ಯಾರು ಅಂತ ಯಾರಿಗೂ ಗೊತ್ತಿರುವುದಿಲ್ಲ. ಎಷ್ಟು ಅಮ್ಮಂದಿರು ಇನ್ನೊಂದು ಕಾಲು ಮುರಿದುಕೊಂಡು ಅದೇ ವಾರ್ಡಿಗೆ ಬಂದದ್ದನ್ನು ನೋಡಿದ್ದೇನೆ.

ಈ ವಯಸ್ಸಿನಲ್ಲಿ ನಿಂತಲ್ಲಿಂದ ಬಿದ್ದು ಸೊಂಟ ಮುರಿದರೆ, ಬೇರೆ ಕಾಯಿಲೆ ಇಲ್ಲ ಅಂತಾದರೆ, ಅಷ್ಟರಿಂದಲೇ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಅಂತ ಹೇಳಬಹುದು. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಮುಂದೆ ಹೋಲಿಸಲು ಬೇಕಾಗುತ್ತದೆ. ಆದರೆ ಸ್ಕ್ಯಾನ್ ಬರಲಿ ಅಂತ ಮದ್ದು ತಡ ಮಾಡುವುದು ಬೇಡ. ಮೂಳೆ ಮುರಿಯದೇ ಇರುವವರಿಗೆ ಡೆಕ್ಸಾದಲ್ಲಿ ಟಿ ಸ್ಕೋರ್ (ಆರೋಗ್ಯವಂತ ಯುವ ಪ್ರಾಯದವರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಆಸ್ಟಿಯೊಪೊರೋಸಿಸ್. ಸೊಂಟ ಮತ್ತು ಬೆನ್ನು ಎರಡನ್ನೂ ನೋಡುವ ಸ್ಕ್ಯಾನ್ ಆಗಬೇಕು. ಸಭಾಭವನಗಳಲ್ಲಿ ಉಚಿತ ಶಿಬಿರ ಅಂತ ಹಿಮ್ಮಡಿ ಇಟ್ಟು ನೋಡುವ ಮೆಷಿನ್ ಇರುತ್ತದಲ್ಲ, ಅದರ ಚೀಟಿ ನೋಡಿ ಮದ್ದು ಶುರು ಮಾಡುವುದು, ಬಿಡುವುದು ಎರಡೂ ಬೇಡ.

2007ರಲ್ಲಿ ಬಂದ ಒಂದು ದೊಡ್ಡ ಪರೀಕ್ಷೆ ಎಲ್ಲರೂ ತಿಳಿದಿರಬೇಕು. ಸೊಂಟದ ಆಪರೇಷನ್ ಆಗಿ 90 ದಿನದೊಳಗೆ ಮೂಳೆ ಸವೆತ ತಡೆಯುವ ಜೊಲೆಡ್ರಾನಿಕ್ ಆಸಿಡ್ ಡ್ರಿಪ್ ಕೊಟ್ಟು, ವರ್ಷಕ್ಕೊಂದು ಸಲ ಮುಂದುವರಿಸಿದರು. ಹೊಸ ಮುರಿತ ಶೇ. 35 ಕಡಿಮೆ, ಸಾವು ಶೇ. 28 ಕಡಿಮೆ. ಸಾವು! ವರ್ಷಕ್ಕೊಂದು ಡ್ರಿಪ್‌ಗೆ.

ಮಾತ್ರೆ ಬೇಕಾದರೆ ಅಲೆಂಡ್ರೊನೇಟ್ 70 ಮಿಲಿಗ್ರಾಂ, ವಾರಕ್ಕೊಂದು. ಅದನ್ನು ತಿನ್ನುವ ಕ್ರಮ ತಪ್ಪಿದರೆ ಅನ್ನನಾಳ ಸುಡುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ಪೂರ್ತಿ ಲೋಟ ಬರೀ ನೀರಲ್ಲಿ. ಚಹಾ, ಹಾಲು, ಬೇರೆ ಮಾತ್ರೆ ಯಾವುದೂ ಜತೆಗೆ ಬೇಡ. ಅರ್ಧ ಗಂಟೆ ಕೂತಿರಬೇಕು ಇಲ್ಲಾ ನಿಂತಿರಬೇಕು, ಮಲಗಬಾರದು. ಹಾಸಿಗೆ ಹಿಡಿದವರಿಗೆ, ಕೂರಲು ಆಗದವರಿಗೆ ಈ ಮಾತ್ರೆ ಸಲ್ಲದು.

ಉಳ್ಳಾಲ ಸೊಸೆ

ನಮ್ಮ ಅತ್ತೆ ಬೀಡಿ ಕಟ್ಟುವವರು. ಸಣ್ಣ ಪ್ರಾಯದಿಂದ. ಬೆಳಿಗ್ಗೆ ಕೆಲಸ ಮುಗಿಸಿ ಮಡಿಲಲ್ಲಿ ತಡ್ಪೆ (ಮೊರ) ಇಟ್ಟು ಕೂತರೆ ಮಧ್ಯಾಹ್ನ ಊಟಕ್ಕೆ ಏಳುವುದು, ಮತ್ತೆ ಸಂಜೆ ಬ್ರಾಂಚಿಗೆ ಕೊಡುವ ಹೊತ್ತಿನವರೆಗೆ. ಕತ್ತರಿ ಹಿಡಿದ ಬೆರಳು ಮಾತ್ರ ಓಡುತ್ತಿರುತ್ತದೆ, ಸೊಂಟದಿಂದ ಕೆಳಗೆ ಅಲುಗುವುದಿಲ್ಲ. ಸಕ್ಕರೆ ಕಾಯಿಲೆಯೂ ಇದೆ. ಇನ್ನೂ ಬಿದ್ದಿಲ್ಲ, ಮುರಿದಿಲ್ಲ. ವಯಸ್ಸು 63. ಇವರಿಗೆ ಈ ರಕ್ತನಾಳದ ವಿಷಯ ಜಾಸ್ತಿ ಅನ್ವಯ ಆಗುತ್ತದಾ?

ಮಣಿಪಾಲ ಸ್ಲೈಡ್

ಆಗುತ್ತದೆ ಅಕ್ಕ. ಸಕ್ಕರೆ ಕಾಯಿಲೆ ಕಣ್ಣು, ಕಿಡ್ನಿಯ ಸಣ್ಣ ರಕ್ತನಾಳ ಕೆಡಿಸುವುದು ನಮಗೆಲ್ಲ ಗೊತ್ತು. ಮೂಳೆಯೊಳಗಿನ ಸಣ್ಣ ನಾಳಗಳನ್ನೂ ಅದು ಬಿಡುವುದಿಲ್ಲ. ಟೈಪ್ 2 ಸಕ್ಕರೆ ಕಾಯಿಲೆ ಇರುವವರಲ್ಲಿ ಡೆಕ್ಸಾ ಸ್ಕೋರ್ ಚೆನ್ನಾಗಿದ್ದರೂ ಮೂಳೆ ಮುರಿಯುವ ಅಪಾಯ ಅದು ಹೇಳುವುದಕ್ಕಿಂತ ಜಾಸ್ತಿ ಇರುತ್ತದೆ. ಆದ್ದರಿಂದ ಸ್ಕ್ಯಾನ್ ಮಾಡಿಸಿ, ಸ್ಕೋರ್ ಚೆನ್ನಾಗಿ ಬಂದರೂ ಡಾಕ್ಟ್ರಿಗೆ ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ ಅಂತ ಹೇಳಿ. ಧೂಮಪಾನವೂ ಹಾಗೇ, ನಾಳವನ್ನೂ ಮೂಳೆಯನ್ನೂ ಎರಡನ್ನೂ ಕೆಡಿಸುತ್ತದೆ.

ಸ್ಟೀರಾಯ್ಡ್ ಬಗ್ಗೆಯೂ ಒಂದು ಮಾತು. ಗಂಟುನೋವಿಗೆ ಅಂತ ಹೆಸರಿಲ್ಲದ ಪುಡಿ, ಪೊಟ್ಟಣ ತರಿಸಿ ತಿನ್ನುವವರು ನಮ್ಮಲ್ಲಿ ಬಹಳ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿ ಸಿಕ್ಕಿಬಿದ್ದ ಉದಾಹರಣೆಗಳಿವೆ. ತಿಂದ ಎರಡು ದಿನಕ್ಕೆ ನೋವು ಮಾಯ, ಅದಕ್ಕೇ ಎಲ್ಲರೂ ನಂಬುತ್ತಾರೆ. ತುಂಬ ದಿನ ಹೋದರೆ ಮೂಳೆ ತೆಳುವಾಗುತ್ತದೆ, ಅದೇ ಸೊಂಟದ ಬಾಲ್‌ಗೆ ರಕ್ತ ನಿಂತು ಅದು ಸಾಯಲೂಬಹುದು, ಬೀಳದೆಯೇ.

ಕದ್ರಿ ಫಿಸಿಯೊ

ಬೀಡಿ ಕಟ್ಟುವ ಅಮ್ಮಂದಿರು ನನ್ನ ಹತ್ತಿರವೂ ಬರುತ್ತಾರೆ. ಕೂತ ಕೆಲಸ ಬಿಡಿ ಅಂತ ಹೇಳುವುದು ಸುಲಭ, ಹೊಟ್ಟೆಪಾಡು ಅಲ್ವಾ. ಹಾಗಾಗಿ ಒಂದೊಂದು ಕಟ್ಟು ಮುಗಿದಾಗ ಎದ್ದು ನಿಲ್ಲಿ ಅನ್ನುತ್ತೇನೆ.

ಮೂಳೆಯ ಮೇಲೆ ಭಾರ ಬಿದ್ದಾಗ ಅದರೊಳಗಿನ ಕೋಶಗಳಿಗೆ ಗೊತ್ತಾಗುತ್ತದೆ, ಕಟ್ಟುವ ಕೆಲಸ ಚುರುಕಾಗುತ್ತದೆ, ರಕ್ತದ ಓಡಾಟವೂ ಹೆಚ್ಚುತ್ತದೆ. ಬರೀ ನಿಧಾನ ವಾಕಿಂಗ್ ಹೃದಯಕ್ಕೆ, ಸಕ್ಕರೆಗೆ ಒಳ್ಳೆಯದು, ಮೂಳೆಗೆ ಅಷ್ಟು ಸಾಲದು. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆ ತೆಳುವಾದ ಹೆಂಗಸರಿಗೆ ವಾರಕ್ಕೆ ಎರಡು ಸಲ ಅರ್ಧ ಅರ್ಧ ಗಂಟೆ, ಎಂಟು ತಿಂಗಳು, ನಿಜವಾದ ಭಾರ ಎತ್ತಿಸಿ ನೋಡಿದರು. 2018ರಲ್ಲಿ ಫಲಿತಾಂಶ ಬಂತು, ಬೆನ್ನು ಮತ್ತು ಸೊಂಟದ ಮೂಳೆಗೆ ಲಾಭ ಆಗಿತ್ತು. ಆದರೆ ಪ್ರತಿ ಸಲವೂ ತರಬೇತಿ ಇದ್ದವರು ಪಕ್ಕದಲ್ಲಿ ನಿಂತು ಮಾಡಿಸಿದ್ದು. ವಿಡಿಯೊ ನೋಡಿ ಅಕ್ಕಿ ಮೂಟೆ ಎತ್ತಿದರೆ ಬೆನ್ನುಮೂಳೆ ಕುಸಿಯುತ್ತದೆ, ದಯವಿಟ್ಟು ಬೇಡ.

ಉಳ್ಳಾಲದ ಅತ್ತೆಗೆ ಮನೆಯಲ್ಲೇ ಶುರು ಮಾಡಲು: ಗೋಡೆಗೆ ಒತ್ತಿ ಇಟ್ಟ ಗಟ್ಟಿ ಕುರ್ಚಿ, ಪ್ಲಾಸ್ಟಿಕ್ ಬೇಡ. ಎರಡೂ ಪಾದ ನೆಲಕ್ಕೆ ಊರಿ, ಮೊಣಕಾಲಿಗಿಂತ ಸ್ವಲ್ಪ ಹಿಂದೆ. ಕೈ ಎದೆಯ ಮೇಲೆ ಕಟ್ಟಿ, ಮೂಗು ಮುಂದೆ ತಂದು ಎದ್ದು ನಿಲ್ಲುವುದು. ಕೂರುವಾಗ ದೊಪ್ಪೆಂದು ಬೀಳಬಾರದು, ಕುರ್ಚಿ ತಾಗುವವರೆಗೆ ತೊಡೆಯೇ ತಡೆಯಬೇಕು. ಆ ನಿಧಾನ ಇಳಿಯುವುದರಲ್ಲೇ ಕೆಲಸ ಇರುವುದು. ಆಮೇಲೆ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂದು ಕಾಲಲ್ಲಿ ನಿಲ್ಲುವುದು. ಬೆನ್ನುಮೂಳೆ ಕುಸಿದಿರುವ ಸುರತ್ಕಲ್‌ನ ಅತ್ತೆಗೆ ಮುಂದಕ್ಕೆ ಬಗ್ಗಿ ಕಾಲು ಮುಟ್ಟುವ ಆಸನ ಮಾಡಿಸಬೇಡಿ. ಅವರಿಗೆ ಬೇರೆಯೇ ಕ್ರಮ ಬೇಕು, ನೇರವಾಗಿ ಯಾರಿಗಾದರೂ ತೋರಿಸಿ.

ಮತ್ತೆ ಅಂಗಳ. ನಮ್ಮ ಊರಿನ ಮಳೆಗಾಲದಲ್ಲಿ ಎಷ್ಟು ಮದ್ದು ಕೊಟ್ಟರೂ ಪಾಚಿ ಇದ್ದರೆ ಬೀಳುವುದೇ. ಬಚ್ಚಲಿಗೆ, ಬಾವಿಗೆ ಹೋಗುವ ದಾರಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಅಡಿಕೆ ಸಲಾಕೆ ಜೋಡಿಸುವವರು ಅದೂ ಪಾಚಿ ಹಿಡಿಯದ ಹಾಗೆ ನೋಡಿ. ಬಚ್ಚಲಲ್ಲಿ ಹಿಡಿಕೆ ಹಾಕಿಸಿ. ರಾತ್ರಿ ದೀಪ ಇರಲಿ.

ಮಲ್ಪೆ ಬಂದರು

ಊಟದ ವಿಷಯ ಯಾರೂ ಹೇಳಲಿಲ್ಲ. ಬೂತಾಯಿ, ಕೊಲ್ಲತರು ಮೀನು ಮುಳ್ಳಿನ ಸಮೇತ ತಿಂದರೆ ಕ್ಯಾಲ್ಸಿಯಂ ಸಿಗುತ್ತದಲ್ವಾ?

ಬ್ರಹ್ಮಾವರ ಸಿಸ್ಟರ್

ಮುಳ್ಳು ಸಮೇತ ಅಗಿದು ತಿಂದರೆ ಖಂಡಿತ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ನುಗ್ಗೆ ಸೊಪ್ಪಿನಲ್ಲೂ ಮುನ್ನೂರರ ಮೇಲೆ, ಎಳ್ಳಿನಲ್ಲಿ ಇನ್ನೂ ಜಾಸ್ತಿ. ಮುಟ್ಟು ನಿಂತವರಿಗೆ ದಿನಕ್ಕೆ 1200 ಬೇಕು. ಬಸಳೆಯಲ್ಲಿ ಆಕ್ಸಲೇಟ್ ಇರುವುದರಿಂದ ಅದರ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ತಿನ್ನಿ ಆದರೆ ಅದನ್ನೇ ನಂಬಬೇಡಿ. ಬರೀ ಕುಚ್ಚಲಕ್ಕಿ ಗಂಜಿ ಉಪ್ಪಿನಕಾಯಿ ತಿಂದು ದಿನ ಕಳೆಯುವ ಅಜ್ಜಿಯರಿಗೆ ಕ್ಯಾಲ್ಸಿಯಂಗಿಂತ ಮೊದಲು ಪ್ರೋಟೀನ್ ಕೊರತೆ. ಮೀನು, ಮೊಟ್ಟೆ, ಹೆಸರುಕಾಳು, ಮೊಸರು, ಯಾವುದು ಆಗುತ್ತದೋ ಅದು ಗಂಜಿಯ ಜತೆ ಇರಲಿ.

ಕಾಪು ಮಗಳು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ರಕ್ತನಾಳದ ಭಾಗ ಎರಡು ಸಲ ಓದಿಸಿದರು. ಮುಂದಿನ ವಾರ ಡಾಕ್ಟ್ರ ಹತ್ತಿರ ಹೋಗುವುದು ಇದೆ, ಆಪರೇಷನ್ ಆಗಿ ಇನ್ನೂ 90 ದಿನ ಆಗಿಲ್ಲ. ಸಿಸ್ಟರ್, ಆ ಡ್ರಿಪ್ ಬಗ್ಗೆ ನಾನೇ ಕೇಳಬಹುದಾ? ಡಾಕ್ಟ್ರು ಬೇಜಾರು ಮಾಡಿಕೊಳ್ಳುವುದಿಲ್ಲ ತಾನೇ? ಅಮ್ಮನಿಗೆ ಬಿಪಿ ಇದೆ, ಒಂದು ಹಲ್ಲು ಅಲ್ಲಾಡುತ್ತಿದೆ. ಪರಿಚಯದವರೊಬ್ಬರು ಆರು ತಿಂಗಳಿಗೊಂದು ಇಂಜೆಕ್ಷನ್ ಚೆನ್ನಾಗಿರುತ್ತದೆ ಅಂದರು. ಯಾವುದು ವಾಸಿ?

ಬ್ರಹ್ಮಾವರ ಸಿಸ್ಟರ್

ಕೇಳಲೇಬೇಕು. "ನಿಂತಲ್ಲಿಂದ ಬಿದ್ದು ಮುರಿದದ್ದು, ಮೂಳೆ ಕಾಯಿಲೆಗೆ ಯಾವ ಮದ್ದು ಶುರು ಮಾಡುತ್ತೀರಿ" ಅಂತ ನೇರವಾಗಿ ಕೇಳಿ. ಒಳ್ಳೆಯ ಡಾಕ್ಟ್ರು ಬೇಜಾರು ಮಾಡಿಕೊಳ್ಳುವುದಿಲ್ಲ.

ಹೋಗುವ ಮೊದಲೇ ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವ ಪರೀಕ್ಷೆ), ಕ್ಯಾಲ್ಸಿಯಂ, ವಿಟಮಿನ್ ಡಿ ಮಾಡಿಸಿಕೊಂಡರೆ ಒಂದು ಸುತ್ತು ಉಳಿಯುತ್ತದೆ. ಕಿಡ್ನಿ ತುಂಬ ಕುಂದಿದ್ದರೆ ಜೊಲೆಡ್ರಾನಿಕ್ ಕೊಡುವುದಿಲ್ಲ. ವಿಟಮಿನ್ ಡಿ ತೀರಾ ಕೆಳಗಿದ್ದರೆ ಮೊದಲು ಅದನ್ನು ಸರಿಮಾಡಿ ಆಮೇಲೆ ಡ್ರಿಪ್. ಮೊದಲ ಸಲ ಹಾಕಿದಾಗ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು, ಹೆದರಬೇಡಿ, ನೀರು ಚೆನ್ನಾಗಿ ಕುಡಿಸಿ, ಜ್ವರದ ಮಾತ್ರೆಗೆ ಡಾಕ್ಟ್ರನ್ನು ಕೇಳಿಡಿ. ಹಲ್ಲಿನ ವಿಷಯ ಬಾಯಿಬಿಟ್ಟು ಹೇಳಿ. ಕೀಳುವುದಿದ್ದರೆ ಡ್ರಿಪ್‌ಗೆ ಮೊದಲೇ ಕಿತ್ತು ಗಾಯ ಮಾಗಬೇಕು. ಈ ಮದ್ದುಗಳಿಂದ ದವಡೆ ಮೂಳೆಗೆ ತೊಂದರೆ ಆಗುವುದು ಅಪರೂಪ, ಆದರೆ ಹಲ್ಲು ಕಿತ್ತ ಜಾಗದಲ್ಲೇ ಅದು ಕಾಣಿಸುವುದು.

ಆರು ತಿಂಗಳ ಇಂಜೆಕ್ಷನ್ ಅಂದರೆ ಡೆನೊಸುಮಾಬ್, 60 ಮಿಲಿಗ್ರಾಂ. ಕಿಡ್ನಿ ಕುಂದಿದವರಿಗೆ ಅದನ್ನೇ ಆರಿಸುವುದುಂಟು. ಆದರೆ ಅದನ್ನು ನಡುವೆ ಬಿಟ್ಟರೆ ತಡೆಹಿಡಿದ ಸವೆತ ಒಮ್ಮೆಲೇ ನುಗ್ಗುತ್ತದೆ, ಬೆನ್ನುಮೂಳೆ ಒಂದರ ಹಿಂದೆ ಒಂದು ಕುಸಿಯಬಹುದು. ಮುಂದಿನ ಡೋಸ್‌ಗೆ ಕರೆದುಕೊಂಡು ಹೋಗುವವರು ಯಾರು, ದುಡ್ಡು ಎಲ್ಲಿಂದ ಅನ್ನುವುದು ಇತ್ಯರ್ಥ ಆಗದೆ ಮೊದಲ ಡೋಸ್ ಹಾಕಿಸಬೇಡಿ. ನೀವು ಕೆಲಸಕ್ಕೆ ಬೇರೆ ಊರಿಗೆ ಹೋಗುವವರಾದರೆ ಅದನ್ನೂ ಡಾಕ್ಟ್ರಿಗೆ ಹೇಳಿ. ಅಮ್ಮನಿಗೆ ಹಿಂದೆ ಹೃದಯಾಘಾತ, ಪಾರ್ಶ್ವವಾಯು ಆಗಿದೆಯಾ, ಬಿಪಿಗೆ ಯಾವ ಮಾತ್ರೆ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಡಿಸ್ಚಾರ್ಜ್ ಚೀಟಿಯ ಜತೆ ಪಿನ್ ಮಾಡಿ ತೆಗೆದುಕೊಂಡು ಹೋಗಿ. ಏನು ಹೇಳಿದರು ಅಂತ ಇಲ್ಲಿ ಬರೆಯಿರಿ, ಉಳ್ಳಾಲದವರಿಗೂ ಸುರತ್ಕಲ್‌ನವರಿಗೂ ಬೇಕಾಗುತ್ತದೆ.